ಮುತ್ತಜ್ಜನ ಉಯಿಲು ಓದಬೇಕಾದರೆ ಮೊದಲು ಬರಹಗಾರನ ಕೈ ಓದಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮೂಲ ಸಾಗರ ತಾಲ್ಲೂಕಿನ ಒಂದು ಹಳ್ಳಿ. ಈಗ ಶಿವಮೊಗ್ಗದಲ್ಲಿದ್ದೇವೆ. ಹಳೆ ಮನೆ ಬಿಚ್ಚುವಾಗ ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಜ್ಜ ಬರೆಸಿದ ಉಯಿಲು ಸಿಕ್ಕಿತು. ಮೂರು ಹಾಳೆ. ಕನ್ನಡವೇ, ಆದರೂ ನಮಗೆ ಯಾರಿಗೂ ಓದಲು ಬರುತ್ತಿಲ್ಲ. ಮೇಲೆ 'ದುಂದುಭಿ ಸಂ॥ ಮಾಘ ಬ॥ ೫' ಎಂದಿದೆ. 1922ರದ್ದು ಎಂದು ದೊಡ್ಡಪ್ಪ ಹೇಳುತ್ತಾರೆ. ಎರಡನೇ ಹಾಳೆಯಲ್ಲಿ ಒಬ್ಬ ಹೆಂಗಸಿನ ಹೆಸರಿದೆ. ಮುಂದೆ 'ಕೋಂ', ಆಮೇಲೆ ಓದಲಾಗದ ಒಂದು ಹೆಸರು. ನಂತರ 'ಹಯಾ...' ಎಂದು ಏನೋ ಇದೆ, ಅದರ ಮುಂದಿನ ಪದದ ನಡುವೆ ಒಂದು ೯ ಇದೆ. ಕೊನೆಗೆ '411 ಖಂಡುಗ ಭತ್ತ'. ಒಂಬತ್ತು ವರ್ಷ 411 ಖಂಡುಗ ಕೊಡಬೇಕು ಎಂದಾ? ಅಷ್ಟು ದೊಡ್ಡ ಆಸ್ತಿ ನಮ್ಮದಾಗಿರಲಿಲ್ಲ. ಆ ಹೆಂಗಸಿನ ಹೆಸರು ನಮ್ಮ ವಂಶವೃಕ್ಷದಲ್ಲೂ ಇಲ್ಲ. ಆಕೆ ಯಾರು? ಇಂಥ ಬರಹ ಓದುವುದು ಹೇಗೆ?

ಉತ್ತರ: ನಮಸ್ಕಾರ. ಮೊದಲು ಭತ್ತದ ಲೆಕ್ಕ ನೋಡೋಣ. ಅದು 411 ಅಲ್ಲ, ನಾಲ್ಕೂವರೆ. ನೀವು ಹನ್ನೊಂದು ಎಂದು ಓದಿದ್ದು ಎರಡು ನೆಟ್ಟಗಿನ ಗೆರೆಗಳನ್ನು. ಹಳೆ ಲೆಕ್ಕದಲ್ಲಿ ಅಂಕಿಯ ಮುಂದೆ ಒಂದು ಗೆರೆ ಎಳೆದರೆ ಕಾಲು, ಎರಡು ಎಳೆದರೆ ಅರೆ, ಮೂರು ಎಳೆದರೆ ಮುಕ್ಕಾಲು. '೪॥ ಖಂಡುಗ' ಎಂದರೆ ನಾಲ್ಕೂವರೆ ಖಂಡುಗ. ಖಂಡುಗಕ್ಕೆ ಇಪ್ಪತ್ತು ಕೊಳಗ, ಹಾಗಾಗಿ ಒಟ್ಟು ತೊಂಬತ್ತು ಕೊಳಗ ಭತ್ತ. ಇದನ್ನು ಕೆಜಿಗೆ ತಿರುಗಿಸಲು ಹೋಗಬೇಡಿ. ಕೊಳಗದ ಅಳತೆ ಊರಿಂದ ಊರಿಗೆ ಬದಲಾಗುತ್ತಿತ್ತು. ಆದರೆ ಇಷ್ಟಂತೂ ಗೊತ್ತಾಯಿತಲ್ಲ, ಇದು ಕಣಜ ಬರಿದು ಮಾಡುವ ಲೆಕ್ಕವಲ್ಲ, ಒಬ್ಬರ ಜೀವನಾಂಶಕ್ಕೆ ಹೊಂದುವ ಲೆಕ್ಕ.

ಅದೇ ಎರಡು ಗೆರೆ ಅಕ್ಷರದ ಮುಂದೆ ಬಂದರೆ ಬೇರೆ ಕೆಲಸ ಮಾಡುತ್ತವೆ. ಪದವನ್ನು ಮೊಟಕು ಮಾಡಿದ್ದೇನೆ ಎಂದು ಹೇಳುತ್ತವೆ. 'ಸಂ॥' ಎಂದರೆ ಸಂವತ್ಸರ. 'ಬ॥' ಎಂದರೆ ಬಹುಳ, ಅಂದರೆ ಕೃಷ್ಣಪಕ್ಷ. 'ಶು॥' ಎಂದರೆ ಶುದ್ಧ. 'ಸಾ॥' ಎಂದರೆ ಸಾಕಿನ್, ಅಂದರೆ ವಾಸ. 'ಮೊ॥' ಎಂದರೆ ಮೊಬಲಗು, ಒಟ್ಟು ಹಣ. 'ತಾ॥' ಮಾತ್ರ ತಾರೀಖೂ ಆಗಬಹುದು, ತಾಲ್ಲೂಕೂ ಆಗಬಹುದು. ಹಿಂದೆ ಊರಿನ ಹೆಸರಿದೆಯಾ, ಮುಂದೆ ಅಂಕಿ ಇದೆಯಾ ಎಂದು ನೋಡಿದರೆ ಗೊತ್ತಾಗುತ್ತದೆ.

ಇನ್ನು ಆ ೯. ಅದು ಒಂಬತ್ತಲ್ಲ, ಅರ್ಕಾವೊತ್ತು. 'ಧರ್ಮ' ಎನ್ನುವುದನ್ನು 'ಧಮ೯' ಎಂದು ಬರೆಯುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ನಿಮ್ಮ ಉಯಿಲಿನಲ್ಲಿರುವುದು 'ಪಯ೯ಂತ', ಅಂದರೆ 'ಪರ್ಯಂತ'. ಹಿಂದಿನ 'ಹಯಾ' ಸೇರಿಸಿ ಓದಿದರೆ 'ಹಯಾತ್ ಪರ್ಯಂತ'. ಆಕೆ ಬದುಕಿರುವವರೆಗೆ ಎಂದರ್ಥ. ಮೂರೂ ತುಂಡು ಜೋಡಿಸಿದರೆ ಸಾಲು ಹೀಗಾಗುತ್ತದೆ: ಇಂಥವರ ಹೆಂಡತಿಯಾದ ಇಂಥವಳಿಗೆ ಅವಳು ಬದುಕಿರುವವರೆಗೂ ನಾಲ್ಕೂವರೆ ಖಂಡುಗ ಭತ್ತ ಕೊಡತಕ್ಕದ್ದು. 'ವರ್ಷಕ್ಕೆ' ಅಥವಾ 'ವರ್ಷಂಪ್ರತಿ' ಎಂಬ ಪದವೂ ಅಕ್ಕಪಕ್ಕದಲ್ಲೇ ಇರಬೇಕು. ಹುಡುಕಿ. ಅದರಲ್ಲೂ ಅರ್ಕಾವೊತ್ತು ಇರುವುದರಿಂದ ಇನ್ನೊಂದು ೯ ಕಣ್ಣಿಗೆ ಬೀಳಬಹುದು.

ತಾರೀಖಿನ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪನವರು ಹೇಳಿದ್ದು ಹೆಚ್ಚುಕಮ್ಮಿ ಸರಿ, ಪೂರ್ತಿ ಸರಿಯಲ್ಲ. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಪ್ರಭವ ಬಂದದ್ದು 1867ರಲ್ಲಿ, ಮತ್ತೆ 1927ರಲ್ಲಿ, ಮತ್ತೆ 1987ರಲ್ಲಿ. ದುಂದುಭಿ ಐವತ್ತಾರನೆಯದು. ಆ ಲೆಕ್ಕಕ್ಕೆ ಅದು 1862, 1922, 1982ರಲ್ಲಿ ಶುರುವಾಗುತ್ತದೆ. ಸಂವತ್ಸರ ಶುರುವಾಗುವುದು ಯುಗಾದಿಗೆ. ಮಾಘ ಮಾಸ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಹಾಗಾಗಿ ನಿಮ್ಮ ಉಯಿಲು ಬರೆದದ್ದು 1923ರ ಫೆಬ್ರವರಿಯ ಮೊದಲ ಭಾಗದಲ್ಲಿ. ಶಾಲಿವಾಹನ ಶಕ ಕೊಟ್ಟಿದ್ದರೆ ಅದು ೧೮೪೪ ಇರಬೇಕು. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಜನವರಿಯಿಂದ ಯುಗಾದಿಯ ಒಳಗಿನ ತಿಥಿಯಾದರೆ 79 ಕೂಡಿಸಬೇಕು. ವಾರದ ಹೆಸರೂ ಇದ್ದರೆ ಬಿಡಬೇಡಿ. ಹಳೆ ಪಂಚಾಂಗದ ಜೊತೆ ಹೊಂದಿಸಿ ನೋಡಿದರೆ ಅಂಕಿಯನ್ನು ಸರಿಯಾಗಿ ಓದಿದ್ದೀರಾ ಎಂಬುದು ಖಾತ್ರಿಯಾಗುತ್ತದೆ. ತಿಥಿಯ ಅಂಕಿಯ ಮುಂದೆ 'ಲು' ಅಥವಾ 'ಲೂ' ಎಂದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ದಿನದಲ್ಲಿ ಎಂದು ಹೇಳುವ ಹಳೆ ರೂಢಿ ಅದು.

ಈಗ ಮುಖ್ಯ ಮಾತು. ಆ ಕೈಬರಹ ಬಹುಪಾಲು ನಿಮ್ಮ ಮುತ್ತಜ್ಜನದ್ದಲ್ಲ. ಉಯಿಲನ್ನು ಬರೆಸುತ್ತಿದ್ದರು, ಬರೆಯುತ್ತಿರಲಿಲ್ಲ. ಶಾನುಭೋಗರೋ, ಕಚೇರಿ ಹತ್ತಿರ ಕೂರುವ ಪತ್ರ ಬರಹಗಾರರೋ, ಊರಲ್ಲಿ ಅಕ್ಷರ ಬಲ್ಲ ಯಾರೋ ಒಬ್ಬರೋ ಬರೆದುಕೊಟ್ಟಿರುತ್ತಾರೆ. ಕೊನೆಯ ಹಾಳೆಯ ಕೆಳಗೆ 'ಬಿಕ್ಕಲಂ' ಎಂದಿದೆಯಾ ನೋಡಿ. ಅದರ ಮುಂದಿನ ಹೆಸರು ಬರೆದವನದ್ದು. ಅಕ್ಷರ ಅವನದ್ದು, ಕಾಗುಣಿತ ಅವನದ್ದು, ಮುಕ್ಕಾಲು ಪಾಲು ಮಾತೂ ಅವನದ್ದೇ. ಅವನು ಅಂಥ ಪತ್ರಗಳನ್ನು ಜೀವನವಿಡೀ ಬರೆದವನು. ಒಂದೇ ಧಾಟಿ ಅವನ ಕೈಗೆ ಕೂತಿರುತ್ತದೆ. ಅದು ನಮ್ಮ ಪುಣ್ಯ. ಧಾಟಿ ಗೊತ್ತಿದ್ದವರಿಗೆ ಮಸುಕಾದ ಸಾಲೂ ಓದಲು ಬರುತ್ತದೆ. ಆ ಧಾಟಿ ತಪ್ಪಿ ಬೇರೆ ಏನೋ ಬಂದ ಕಡೆ ಮಾತ್ರ ಮುತ್ತಜ್ಜ ಬಾಯಿಬಿಟ್ಟು ಹೇಳಿಸಿದ್ದು ಎಂದು ತಿಳಿಯಬಹುದು. ನಿಮ್ಮ ಆ ಹೆಂಗಸಿನ ಸಾಲು ಅಂಥದ್ದು. ಅದಕ್ಕೇ ಅದರ ಮೇಲೆ ನನಗೆ ಇಷ್ಟು ಆಸೆ.

ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಸಂವತ್ಸರ, ತಿಥಿ, ತಾರೀಖು. ಆಮೇಲೆ ಇಂಥ ತಾಲ್ಲೂಕು, ಇಂಥ ಹೋಬಳಿ, ಇಂಥ ಗ್ರಾಮದಲ್ಲಿ ವಾಸವಾಗಿರುವ ಇಂಥವರು 'ಬಿನ್' ಇಂಥವರು ('ಬಿನ್' ಎಂದರೆ ಇಂಥವರ ಮಗ) ಬರೆಸಿದ ಉಯಿಲಿನ 'ಕ್ರಮವೆಂತೆಂದರೆ' ಎಂದು ಬರುತ್ತದೆ. ಕೆಲವರು ಉಯಿಲು ಎನ್ನದೆ 'ಮರಣಶಾಸನ' ಎಂದೂ ಬರೆದಿರುತ್ತಾರೆ. ನಂತರ ವಯಸ್ಸಾಗಿದೆ, ದೇಹ ಶಾಶ್ವತವಲ್ಲ, ಯಾರ ಬಲವಂತವೂ ಇಲ್ಲದೆ ಸ್ವಸ್ಥ ಮನಸ್ಸಿನಿಂದ ಬರೆಸಿದ್ದೇನೆ ಎಂಬ ಮಾತು. ಆಮೇಲೆ ಆಸ್ತಿ ತನಗೆ ಹೇಗೆ ಬಂತು, ತನ್ನ 'ತರುವಾಯ' ಯಾರಿಗೆ ಹೋಗಬೇಕು ಎಂಬುದು. ಕೊನೆಗೆ ತಪಶೀಲು, ಅಂದರೆ ಆಸ್ತಿಯ ಪಟ್ಟಿ. ಅದಾದ ಮೇಲೆ ಸಹಿ ಅಥವಾ ಹೆಬ್ಬೆಟ್ಟು, ಸಾಕ್ಷಿಗಳು, ಬಿಕ್ಕಲಂ. 'ಸದರಿ', 'ಮಜಕೂರು' ಎಂಬ ಪದಗಳು ಸಾಲಿಗೊಂದರಂತೆ ಬರುತ್ತವೆ. ಮೇಲೆ ಹೇಳಿದ ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗಿ.

ಓದುವುದನ್ನು ಮೊದಲ ಸಾಲಿನಿಂದ ಶುರುಮಾಡಬೇಡಿ. ಎಲ್ಲರೂ ಅಲ್ಲೇ ಸಿಕ್ಕಿಹಾಕಿಕೊಂಡು ಸುಸ್ತಾಗುತ್ತಾರೆ. ಕೊನೆಯಿಂದ, ತಪಶೀಲಿನಿಂದ ಶುರುಮಾಡಿ. ಅಲ್ಲಿ ನಿಮಗೆ ಮೊದಲೇ ಗೊತ್ತಿರುವ ಪದಗಳಿರುತ್ತವೆ. ನಿಮ್ಮ ಊರಿನ ಹೆಸರು, ಪಕ್ಕದೂರಿನ ಹೆಸರು, ಸರ್ವೆ ನಂಬರು. ಜಮೀನಿನ ಪಹಣಿ ಪಕ್ಕದಲ್ಲಿಟ್ಟುಕೊಳ್ಳಿ. ಗೊತ್ತಿರುವ ಪದವನ್ನು ಗುರುತಿಸಿ, ಅದರ ಒಂದೊಂದು ಅಕ್ಷರವನ್ನೂ ಬೇರೆ ಕಾಗದದಲ್ಲಿ ಅವನು ಬರೆದ ಹಾಗೆಯೇ ಬರೆದುಕೊಳ್ಳಿ. 'ಸಾಗರ' ಎಂಬ ಒಂದು ಪದದಿಂದ ಅವನ ಸ, ಗ, ರ ಮೂರೂ ಸಿಕ್ಕವು. 'ಗ್ರಾಮ'ದಿಂದ ಮ ಮತ್ತು ರಾವತ್ತು. 'ಪೂರ್ವಕ್ಕೆ', 'ಪಶ್ಚಿಮಕ್ಕೆ' ಎಂಬಲ್ಲಿ ಪ, ವ, ಶ, ಕ್ಕೆ. ಕೆಲವರು 'ಮೂಡಲು', 'ಪಡುವಲು', 'ತೆಂಕಲು', 'ಬಡಗಲು' ಎಂದೇ ಬರೆದಿರುತ್ತಾರೆ. ಹೀಗೆ ಮಾಡುತ್ತಾ ಹೋದರೆ ಅವನೊಬ್ಬನದ್ದೇ ವರ್ಣಮಾಲೆ ನಿಮ್ಮ ಕೈಯಲ್ಲಿ ತಯಾರಾಗುತ್ತದೆ. ಇನ್ನೊಬ್ಬರು ಮಾಡಿದ ಪಟ್ಟಿ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಒಬ್ಬನ ವ ಇನ್ನೊಬ್ಬನ ಮ ಆಗಿರುತ್ತದೆ. ಪ, ಷ, ವ ಮೂರನ್ನೂ ಒಂದೇ ಎಳೆತದಲ್ಲಿ ಬರೆದು ಮುಗಿಸಿದವರಿದ್ದಾರೆ. ದ, ಧ, ಥ ಬೇರೆ ಮಾಡುವ ಸಣ್ಣ ಗೀಟು, ಚುಕ್ಕೆಗಳನ್ನು ಬಿಟ್ಟವರಿದ್ದಾರೆ. ಅಂಕಿಯಲ್ಲಿ ೬ ಮತ್ತು ೯ರ ಮೇಲೆ ಯಾವಾಗಲೂ ಅನುಮಾನ ಇಟ್ಟುಕೊಳ್ಳಿ.

ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಪೂರ್ಣವಿರಾಮ ಇರುವುದಿಲ್ಲ. ಸಾಲು ಮುಗಿದ ಕಡೆ ಪದ ಅರ್ಧಕ್ಕೆ ತುಂಡಾಗಿ ಮುಂದಿನ ಸಾಲಿಗೆ ಹೋಗಿರುತ್ತದೆ. ಇದಕ್ಕೆಲ್ಲ ಬೇಗ ಹೊಂದಿಕೊಳ್ಳುತ್ತೀರಿ. ನಿಜವಾಗಿ ದಾರಿ ತಪ್ಪಿಸುವುದು ಕಾಗುಣಿತ. ಆಗಿನ ಬರಹಗಾರರು ಒತ್ತಕ್ಷರದ ಬದಲು ಸೊನ್ನೆ ಇಡುತ್ತಿದ್ದರು. 'ನನ್ನ' ಎಂಬುದು 'ನಂನ' ಆಗುತ್ತದೆ. 'ತಮ್ಮ' ಎಂಬುದು 'ತಂಮ', 'ಅಣ್ಣ' ಎಂಬುದು 'ಅಂಣ', 'ತಿಮ್ಮಪ್ಪ' ಎಂಬುದು 'ತಿಂಮಪ್ಪ'. ಪದದ ಮೊದಲಿನ ಸ್ವರಕ್ಕೆ ಯ, ವ ಸೇರಿಸುತ್ತಿದ್ದರು. 'ಇದು' ಎನ್ನಲು 'ಯಿದು', 'ಈ' ಎನ್ನಲು 'ಯೀ', 'ಎರಡು' ಎನ್ನಲು 'ಯೆರಡು', 'ಒಂದು' ಎನ್ನಲು 'ವೊಂದು', 'ಉಳಿದ' ಎನ್ನಲು 'ವುಳಿದ'. ಉಯಿಲನ್ನೇ 'ವುಯಿಲು' ಎಂದು ಬರೆದದ್ದೂ ಉಂಟು. ಎ ಮತ್ತು ಏ, ಒ ಮತ್ತು ಓ ನಡುವೆ ಹಲವರು ವ್ಯತ್ಯಾಸ ಮಾಡುತ್ತಿರಲಿಲ್ಲ. ಹಾಗಾಗಿ ಕಣ್ಣಲ್ಲಿ ಓದಬೇಡಿ, ಜೋರಾಗಿ ಬಾಯಲ್ಲಿ ಓದಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಯಾರಾದರೂ ಇದ್ದರೆ ಅವರ ಎದುರು ಕೂತು ಓದಿ. ನಿಮಗೆ ಗೊಣಗಿದ ಹಾಗೆ ಕೇಳುವುದು ಅವರಿಗೆ ಮಾತಾಗಿ ಕೇಳುತ್ತದೆ. ನಾನು ಈಗಲೂ ಹಾಗೇ ಮಾಡುತ್ತೇನೆ, ಊರಿನ ಹಿರಿಯರ ಕಿವಿಯಷ್ಟು ಒಳ್ಳೆಯ ಸಾಧನ ಇನ್ನೊಂದು ನನಗೆ ಸಿಕ್ಕಿಲ್ಲ.

ಬರೆದುಕೊಳ್ಳುವಾಗ ಒಂದು ಶಿಸ್ತು ಬೇಕು. ಮೂಲದ ಒಂದು ಸಾಲಿಗೆ ನಿಮ್ಮದೂ ಒಂದು ಸಾಲು. ಓದಲಾಗದ ಅಕ್ಷರಕ್ಕೆ ಚುಕ್ಕೆ ಇಡಿ, ಎಷ್ಟು ಅಕ್ಷರವೋ ಅಷ್ಟು ಚುಕ್ಕೆ. ಊಹೆಯಿಂದ ತುಂಬಿದ್ದಾದರೆ ಬೇರೆ ಬಣ್ಣದಲ್ಲಿ ಬರೆಯಿರಿ. 'ನಂನ' ಇದ್ದರೆ 'ನಂನ' ಎಂದೇ ಇಳಿಸಿ, ತಿದ್ದಬೇಡಿ. ತಿದ್ದಿದ ಪ್ರತಿಯನ್ನು ಬೇರೆಯೇ ಮಾಡಿ. ಒಮ್ಮೆ ಊಹೆ ಶಾಯಿಯಲ್ಲಿ ಕೂತರೆ ಮುಂದಿನ ಪೀಳಿಗೆ ಅದನ್ನೇ ಸತ್ಯ ಎನ್ನುತ್ತದೆ. ವಂಶದ ಹೆಸರುಗಳಲ್ಲಿ ಹೀಗಾಗುವುದು ಬಹಳ ನೋವಿನ ಸಂಗತಿ. ಇಲ್ಲದ ಮನುಷ್ಯರು ಹುಟ್ಟುತ್ತಾರೆ, ಇದ್ದವರು ಕಾಣೆಯಾಗುತ್ತಾರೆ.

ಆಸ್ತಿಯ ಪಟ್ಟಿಯಲ್ಲಿ ಮಲೆನಾಡಿನ ಕೆಲವು ಪದಗಳು ಬಂದೇ ಬರುತ್ತವೆ. ತರಿ ಎಂದರೆ ಗದ್ದೆ, ಖುಷ್ಕಿ ಎಂದರೆ ಮಳೆ ನೆಚ್ಚಿದ ಒಣ ಜಮೀನು, ಬಾಗಾಯ್ತು ಎಂದರೆ ತೋಟ. ಅಡಿಕೆ ತೋಟವನ್ನು ಎಕರೆಯಲ್ಲಿ ಹೇಳದೆ ಮರದ ಲೆಕ್ಕದಲ್ಲಿ ಹೇಳಿರಬಹುದು. ಕೆಳದಿಯ ಶಿವಪ್ಪ ನಾಯಕನ 'ಶಿಸ್ತು' ಎಂಬ ಕಂದಾಯ ಪದ್ಧತಿಯ ಕಾಲದಿಂದಲೂ ತೋಟದ ಕಂದಾಯಕ್ಕೆ ಸಾವಿರ ಮರದ ಲೆಕ್ಕ ಇತ್ತು. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟವನ್ನು ಬೇರೆಯಾಗಿ ಬರೆದಿರುತ್ತಾರೆ. ಎಕರೆ ಇದ್ದರೆ ಎಕರೆ, ಗುಂಟೆ, ಆಣೆ ಎಂದು ಮೂರು ಅಂಕಿ. ನಲವತ್ತು ಗುಂಟೆಗೆ ಎಕರೆ, ಹದಿನಾರು ಆಣೆಗೆ ಗುಂಟೆ. ಹಣವಾದರೆ ರೂಪಾಯಿ, ಆಣೆ, ಪೈ. '೧೨೫-೮-೬' ಎಂದಿದ್ದರೆ ನೂರಿಪ್ಪತ್ತೈದು ರೂಪಾಯಿ ಎಂಟಾಣೆ ಆರು ಪೈ. ಹದಿನಾರಾಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ. ಆಣೆ ಎಂಬ ಒಂದೇ ಪದ ದುಡ್ಡಿಗೂ ನೆಲಕ್ಕೂ ಬರುವುದರಿಂದ ಅದು ಯಾವ ಪಟ್ಟಿಯಲ್ಲಿದೆ ಎಂದು ನೋಡಿ ಓದಬೇಕು. 'ವೀಸ' ಎಂದು ಕಂಡರೆ ಹದಿನಾರನೇ ಒಂದು ಪಾಲು.

ಚೆಕ್ಕುಬಂದಿಯನ್ನು ಬೇಸರಪಡದೆ ಓದಿ. ನಾಲ್ಕು ದಿಕ್ಕಿನ ಗಡಿ ಹೇಳುವಾಗ ಅಕ್ಕಪಕ್ಕದ ಜಮೀನಿನವರ ಹೆಸರು ಬರುತ್ತದೆ. ಮಲೆನಾಡಿನಲ್ಲಿ ಪಕ್ಕದ ತೋಟದವರು ಎಷ್ಟೋ ಸಲ ಹಿಸ್ಸೆಯಾದ ದಾಯಾದಿಗಳೇ ಆಗಿರುತ್ತಾರೆ. ವಂಶವೃಕ್ಷದಲ್ಲಿ ಕಡಿದುಹೋದ ಕೊಂಬೆ ಗಡಿಯ ಸಾಲಿನಲ್ಲಿ ಸಿಗುತ್ತದೆ. ಸಾಕ್ಷಿಗಳ ಹೆಸರನ್ನೂ ಹಾಗೇ ನೋಡಿ. ಹೆಂಡತಿಯ ತವರಿನವರು, ಬೀಗರು, ಪುರೋಹಿತರು ಅಲ್ಲಿ ಸಹಿ ಹಾಕಿರುತ್ತಾರೆ.

ಊರೇ ಸಿಗದಿದ್ದರೆ ಗಾಬರಿ ಬೇಡ. ಸಾಗರ, ಹೊಸನಗರ ಕಡೆಯ ಎಷ್ಟೋ ಹಳ್ಳಿಗಳು ಶರಾವತಿಯ ನೀರಿನ ಅಡಿಯಲ್ಲಿವೆ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟಿಗೆ ಕೆಲವು ಹೋದವು. 1964ರ ಲಿಂಗನಮಕ್ಕಿಗೆ ಇನ್ನೂ ಜಾಸ್ತಿ ಹೋದವು. ಈಗಿನ ನಕ್ಷೆಯಲ್ಲಿ ಹೆಸರಿಲ್ಲ ಎಂದರೆ ತಪ್ಪು ಓದಿದ್ದೀರಿ ಎಂದಲ್ಲ. ಹಳೆ ಪತ್ರದಲ್ಲಿ 'ನಗರ ತಾಲ್ಲೂಕು' ಎಂದಿದ್ದರೆ ಈಗಿನ ಹೊಸನಗರದ ಕಡೆ ಹುಡುಕಿ, 'ಬೆಂಕಿಪುರ' ಎಂದಿದ್ದರೆ ಭದ್ರಾವತಿ.

ಈಗ ಆ ಹೆಂಗಸಿನ ವಿಷಯ. ನಿಮ್ಮ ಪ್ರಶ್ನೆಯ ಜೀವ ಅದೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಮುತ್ತಜ್ಜ ಉಯಿಲು ಬರೆಸಿದ್ದಾದರೂ ಯಾಕೆ? ಆ ಕಾಲದಲ್ಲಿ ನಮ್ಮ ಕಡೆ ಉಯಿಲು ಎಲ್ಲರೂ ಬರೆಸುವ ಪತ್ರವಾಗಿರಲಿಲ್ಲ. ಆಗ ನಮ್ಮ ಕಡೆ ನಡೆಯುತ್ತಿದ್ದ ಹಿಂದೂ ಕಾನೂನಾದ ಮಿತಾಕ್ಷರದ ಪ್ರಕಾರ ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲನ್ನು ಉಯಿಲು ಮೂಲಕ ಕೊಡುವ ಹಕ್ಕು ಯಜಮಾನನಿಗೂ ಇರಲಿಲ್ಲ. ಆ ಹಕ್ಕು ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೇ ಕಲಮಿನಿಂದ. ಅದಕ್ಕೆ ಮೊದಲು ಮಕ್ಕಳಿರುವ ಮನೆಯಲ್ಲಿ ಪಾಲುಪಟ್ಟಿ ಆಗುತ್ತಿತ್ತು, ಉಯಿಲಲ್ಲ. ಹಾಗಾದರೆ 1923ರಲ್ಲಿ ಉಯಿಲು ಬರೆಸಿದವರು ಯಾರು? ಸ್ವಂತ ದುಡಿದು ಆಸ್ತಿ ಮಾಡಿದವರು. ಹಿಸ್ಸೆಯಾಗಿ ಬೇರೆ ಬಂದು, ಗಂಡುಮಕ್ಕಳಿಲ್ಲದವರು. ದತ್ತು ತೆಗೆದುಕೊಂಡವರು, ಇಲ್ಲವೇ ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡವರು. ನಿಮ್ಮ ಮುತ್ತಜ್ಜ ಇವರಲ್ಲಿ ಯಾರು ಎಂಬುದು ಉಯಿಲಿನಲ್ಲೇ ಇರುತ್ತದೆ. 'ಸ್ವಯಾರ್ಜಿತ' ಎಂಬ ಪದ ಇದೆಯಾ ನೋಡಿ. ನಿಮ್ಮ ಅಜ್ಜನ ಹೆಸರಿನ ಹಿಂದೆ 'ದತ್ತು' ಎಂದಿದೆಯಾ ನೋಡಿ. ಇದ್ದರೆ ಮನೆಯ ಕಥೆಯೇ ಬದಲಾಗುತ್ತದೆ. ಅದನ್ನು ಹಿರಿಯರ ಎದುರು ಹೇಳುವ ಮೊದಲು ಒಂದು ಸಲ ಯೋಚಿಸಿ.

'ಕೋಂ' ಎಂದರೆ ಇಂಥವರ ಹೆಂಡತಿ. ಗಂಡ ತೀರಿಕೊಂಡಿದ್ದರೂ ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದೇ ಬರೆಯುತ್ತಿದ್ದರು. ಆಕೆಗೆ ಕೊಟ್ಟಿರುವುದು ಜಮೀನಲ್ಲ, ಬದುಕಿರುವವರೆಗೆ ಭತ್ತ. ಇದು ಜೀವನಾಂಶ. ಗಂಡ ಬದುಕಿದ್ದು ಸಂಸಾರ ನಡೆಯುತ್ತಿದ್ದ ಹೆಂಗಸಿಗೆ ಇನ್ನೊಂದು ಮನೆಯ ಯಜಮಾನ ಹೀಗೆ ಬರೆಸುವುದು ಅಪರೂಪ. ಹಾಗಾಗಿ ಆಕೆ ವಿಧವೆ, ನಿಮ್ಮ ಮುತ್ತಜ್ಜನ ಆಸರೆಯಲ್ಲಿದ್ದವಳು ಎಂದು ನನ್ನ ಬಲವಾದ ಅನಿಸಿಕೆ. ಎರಡನೇ ಹೆಂಡತಿ ಇರಬಹುದಾ ಎಂದು ನೀವು ಯೋಚಿಸಿರಬಹುದು. ಹಾಗಿದ್ದರೆ ಧಾಟಿಯ ಪ್ರಕಾರ 'ನಂನ ಹೆಂಡತಿ' ಅಥವಾ 'ನಂನ ಪತ್ನಿ' ಎಂದೇ ಬರುತ್ತಿತ್ತು. 'ಕೋಂ' ಹಾಕಿ ಇನ್ನೊಬ್ಬನ ಹೆಸರು ಹೇಳುವ ಅಗತ್ಯ ಇರಲಿಲ್ಲ.

ಉಳಿಯುವುದು ಎರಡು ದಾರಿ. ಒಂದು, ಆಕೆ ಮುತ್ತಜ್ಜನ ಅಣ್ಣನದ್ದೋ ತಮ್ಮನದ್ದೋ ಹೆಂಡತಿ. ಇನ್ನೊಂದು, ಆಕೆ ಅವರ ಅಕ್ಕತಂಗಿಯೋ ಮಗಳೋ, ಗಂಡ ಸತ್ತ ಮೇಲೆ ತವರಿಗೆ ವಾಪಸು ಬಂದವಳು. ಇದನ್ನು ತೀರ್ಮಾನಿಸುವುದು ನೀವು ಓದಲಾಗದ ಆ ಗಂಡನ ಹೆಸರು. ಅದು ನಿಮ್ಮ ಮನೆತನದಲ್ಲಿ ತಿರುಗಿ ತಿರುಗಿ ಬರುವ ಹೆಸರಾಗಿದ್ದು, ಮುಂದೆ ಬೇರೆ ಊರಿನ ಹೆಸರಿಲ್ಲದಿದ್ದರೆ ಮೊದಲನೇ ದಾರಿ. ಹೆಸರು ಹೊರಗಿನದ್ದಾಗಿದ್ದು, ಜೊತೆಗೆ 'ಸಾ॥' ಎಂದು ಬೇರೆ ಊರು ಬಂದರೆ ಎರಡನೆಯದು. ಎರಡನ್ನೂ ಬೇರೆ ಮಾಡುವ ಇನ್ನೊಂದು ಸುಳಿವು ಉಂಟು. ಭತ್ತದ ಜೊತೆಗೆ ಮನೆಯ ಇಂಥ ಕೋಣೆಯಲ್ಲಿ ಇರತಕ್ಕದ್ದು ಎಂದೋ, ವರ್ಷಕ್ಕೆ ಇಷ್ಟು ಸೀರೆ ಎಂದೋ ಇದ್ದರೆ ಆಕೆ ಅದೇ ಮನೆಯಲ್ಲಿ ಇದ್ದವಳು. ಬರೀ ಭತ್ತ 'ಕಳಿಸಿಕೊಡತಕ್ಕದ್ದು' ಎಂದಿದ್ದರೆ ಬೇರೆ ಕಡೆ ಇದ್ದವಳು.

ವಂಶವೃಕ್ಷದಲ್ಲಿ ಆಕೆಯ ಹೆಸರು ಇಲ್ಲದಿರುವುದು ಆಶ್ಚರ್ಯವಲ್ಲ. ನಾವು ವಂಶವೃಕ್ಷ ಎಂದು ಇಟ್ಟುಕೊಂಡದ್ದರಲ್ಲಿ ಬಹಳಷ್ಟು ಜಮೀನಿನ ಹಕ್ಕಿಗಾಗಿ ಬರೆದವು. ಹಕ್ಕಿಲ್ಲದವರು ಅಲ್ಲಿ ಬರುವುದಿಲ್ಲ. ಮಕ್ಕಳಿಲ್ಲದ ವಿಧವೆಯಂತೂ ಎರಡೂ ಮನೆಯ ಪಟ್ಟಿಯಿಂದ ಹೊರಗೆ. 1918ರ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದಲ್ಲಿ ತುಂಬಾ ಜನರನ್ನು ಕೊಂದಿತು. ಮಲೆನಾಡಿನಲ್ಲಿ ಮಲೇರಿಯಾ ಜ್ವರ ಬೇರೆ ಬಿಡದೆ ಕಾಡುತ್ತಿತ್ತು. 1923ರ ಉಯಿಲಿನಲ್ಲಿ ಚಿಕ್ಕ ವಯಸ್ಸಿನ ವಿಧವೆಯರ ಹೆಸರು ಕಂಡರೆ ಆ ಜ್ವರಗಳನ್ನು ನೆನಪಿಸಿಕೊಂಡೇ ಓದುತ್ತೇನೆ. ಆ ಒಂದು ಸಾಲು ಬಿಟ್ಟರೆ ಆಕೆ ಬದುಕಿದ್ದಳು ಎಂಬುದಕ್ಕೆ ಬೇರೆ ಕಾಗದವೇ ಇರಲಿಕ್ಕಿಲ್ಲ. ದಯವಿಟ್ಟು ಆಕೆಯ ಹೆಸರನ್ನು ನಿಮ್ಮ ವಂಶವೃಕ್ಷಕ್ಕೆ ಸೇರಿಸಿ. ಸಂಬಂಧ ಖಾತ್ರಿಯಾಗುವವರೆಗೆ ಪಕ್ಕದಲ್ಲಿ ಪ್ರಶ್ನೆ ಗುರುತು ಇರಲಿ.

ಖಾತ್ರಿ ಮಾಡಿಕೊಳ್ಳಲು ಮನೆಯಲ್ಲೇ ಹುಡುಕಬಹುದು. ಆ ಪೆಟ್ಟಿಗೆಯಲ್ಲಿ ಹಳೆ ಪಂಚಾಂಗಗಳಿದ್ದರೆ ಎಸೆಯಬೇಡಿ. ಅಂಚಿನಲ್ಲಿ ಹುಟ್ಟು, ಸಾವು, ಶ್ರಾದ್ಧದ ತಿಥಿ ಗುರುತು ಹಾಕಿಕೊಳ್ಳುವ ಅಭ್ಯಾಸ ಮಲೆನಾಡಿನ ಮನೆಗಳಲ್ಲಿತ್ತು. ಮುತ್ತಜ್ಜ ತೀರಿಕೊಂಡ ಮೇಲಿನ ಫೌತಿ ಖಾತೆಯ ಕಾಗದ (ವಾರಸುದಾರರ ಹೆಸರಿಗೆ ಖಾತೆ ಬದಲಾದದ್ದು), ಆಮೇಲಿನ ಪಾಲುಪಟ್ಟಿ ಇವೆಯಾ ನೋಡಿ. ಪಾಲುಪಟ್ಟಿಯಲ್ಲಿ ಆಕೆಯ ಭತ್ತ ಕೊಡುವ ಹೊಣೆ ಯಾವ ಮಗನಿಗೆ ಬಂತು ಎಂದು ಬರೆದಿದ್ದರೆ ಆ ಹೊತ್ತಿಗೆ ಆಕೆ ಬದುಕಿದ್ದಳು.

ಕಚೇರಿಯಲ್ಲೂ ಒಂದು ದಾರಿ ಇದೆ. ಉಯಿಲಿನ ಹಿಂಬದಿ ತಿರುಗಿಸಿ ನೋಡಿ. ಸಬ್ ರಿಜಿಸ್ಟ್ರಾರ್ ಮೊಹರು, ನಂಬರು, ಪುಸ್ತಕ, ಪುಟ ಎಂದು ಬರೆದಿದ್ದರೆ ಅದು ನೋಂದಣಿ ಆದದ್ದು. ಉಯಿಲಿನ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಇರದೆಯೂ ಇರಬಹುದು. ಇದ್ದರೆ ನಿಮಗೆ ದೊಡ್ಡ ಅನುಕೂಲ. ಆ ಕಾಲದಲ್ಲಿ ನೋಂದಣಿಯಾದ ಪತ್ರವನ್ನು ಕಚೇರಿಯ ಗುಮಾಸ್ತರು ಕೈಯಲ್ಲೇ ಪುಸ್ತಕಕ್ಕೆ ನಕಲು ಮಾಡುತ್ತಿದ್ದರು. ಅಂದರೆ ಅದೇ ಉಯಿಲು ಇನ್ನೊಬ್ಬರ ಕೈಬರಹದಲ್ಲಿ, ಹೊಗೆ ಹಿಡಿಯದ ಹಾಳೆಯಲ್ಲಿ ಉಳಿದಿರಬಹುದು. ನಿಮ್ಮ ಪ್ರತಿಯಲ್ಲಿ ಓದಲಾಗದ ಗಂಡನ ಹೆಸರು ಅಲ್ಲಿ ಸ್ಪಷ್ಟವಾಗಿರಬಹುದು. ಆದರೆ ಕೇಳುವಾಗ ಸರಿಯಾಗಿ ಕೇಳಿ. ಋಣಭಾರ ಪತ್ರಕ್ಕೆ ಅರ್ಜಿ ಹಾಕಿದರೆ ಉಯಿಲು ಸಿಗುವುದಿಲ್ಲ. ಅದು ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕದ ಲೆಕ್ಕ. ನೋಂದಣಿ ಕಾಯಿದೆಯಲ್ಲಿ ಉಯಿಲುಗಳಿಗೆ ಮತ್ತು ದತ್ತು ತೆಗೆದುಕೊಳ್ಳುವ ಅಧಿಕಾರ ಪತ್ರಗಳಿಗೆ ಬೇರೆಯೇ 3ನೇ ಪುಸ್ತಕ ಇದೆ. ಬರೆಸಿದವರು ಬದುಕಿರುವಾಗ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬಹುದು ಎಂದು ಕಾಯಿದೆಯ 57ನೇ ಕಲಂ ಹೇಳುತ್ತದೆ. ಅರ್ಜಿಯಲ್ಲಿ '3ನೇ ಪುಸ್ತಕ' ಎಂದೇ ಬರೆಯಿರಿ, 1923 ಎಂದು ಬರೆಯಿರಿ.

ಪೆಟ್ಟಿಗೆಯ ಉಳಿದ ಕಾಗದಗಳಲ್ಲಿ ಬೇರೆ ಲಿಪಿ ಕಂಡರೂ ಕಾಣಬಹುದು. ಹಾಳೆಯ ಅಗಲಕ್ಕೆ ಮೊದಲೇ ಗೆರೆ ಎಳೆದು, ಅಕ್ಷರಗಳು ಅದಕ್ಕೆ ನೇತುಬಿದ್ದ ಹಾಗಿದ್ದರೆ ಅದು ಮರಾಠಿ ಮೋಡಿ. ನಮ್ಮ ಓಡುಬರಹದ ಕನ್ನಡವನ್ನೂ ಜನ ಮೋಡಿ ಎಂದೇ ಕರೆಯುವುದರಿಂದ ಗೊಂದಲ ಆಗುತ್ತದೆ. ತಾಳೆಗರಿಯಲ್ಲಿ ಮಲಯಾಳದ ಹಾಗೆ ಕಾಣುವ ದುಂಡಕ್ಷರ ಇದ್ದರೆ ತಿಗಳಾರಿ ಇರಬಹುದು. ಇವೆರಡನ್ನೂ ನೀವೇ ಓದಲು ಹೋಗಬೇಡಿ. ಸಾಗರದ ಪಕ್ಕದಲ್ಲೇ ಕೆಳದಿಯ ಮ್ಯೂಸಿಯಂ ಇದೆ. ಮೋಡಿ, ತಿಗಳಾರಿ ಎರಡೂ ಬಗೆಯ ದಾಖಲೆಗಳನ್ನು ಅಲ್ಲಿ ಕೂಡಿಟ್ಟಿದ್ದಾರೆ. ಅಲ್ಲಿ ವಿಚಾರಿಸಿ.

ಹಾಳೆಗಳನ್ನು ಈಗಲೇ ಜೋಪಾನ ಮಾಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಆಮೇಲೆ ಬಿಡಿಸಲು ಬರುವುದಿಲ್ಲ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಬಿಸಿಲಿಗೆ ಒಣಗಿಸಬೇಡಿ. ಮಡಿಕೆ ಬಿಡಿಸುವುದಾದರೆ ಮಳೆಗಾಲ ಮುಗಿದ ಮೇಲೆ, ನಿಧಾನವಾಗಿ. ಫೋಟೊ ತೆಗೆಯಲು ಕಿಟಕಿಯ ಹತ್ತಿರ ಹಾಳೆ ಹರಡಿ, ಬೆಳಕು ಒಂದು ಬದಿಯಿಂದ ಬೀಳಲಿ. ಫ್ಲಾಶ್ ಬೇಡ. ಶಾಯಿ ಆರಿದ್ದರೂ ಲೆಕ್ಕಣಿಕೆಯ, ಅಂದರೆ ಲೇಖನಿಯ, ಗೀರು ಬದಿಯ ಬೆಳಕಿನಲ್ಲಿ ಕಾಣುತ್ತದೆ. ಫೋಟೊವನ್ನು ಫೋನಿನಲ್ಲಿ ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿದರೆ ಕಂದುಗಟ್ಟಿದ ಅಕ್ಷರ ಎದ್ದು ಬರುತ್ತದೆ. ಅಚ್ಚಿನ ಕನ್ನಡ ಓದುವ ಆ್ಯಪ್‌ಗಳನ್ನು ಇಂಥ ಕೈಬರಹಕ್ಕೆ ನಂಬಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಉಯಿಲಿನಲ್ಲಿರುವ ಜಮೀನು ಈಗ ನಿಮ್ಮ ಮನೆಯ ಹೆಸರಲ್ಲಿ ಇಲ್ಲದಿದ್ದರೆ ಏನೋ ಮೋಸ ಆಗಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ನಡುವೆ ನೂರು ವರ್ಷ ಕಳೆದಿದೆ. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಹೋರಾಡಿದ್ದು ನಿಮಗೆ ಗೊತ್ತೇ ಇದೆ. 1974ರ ಭೂ ಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಜಮೀನು ಉಳುವವರ ಪಾಲಾಯಿತು. ಹಕ್ಕಿನ ಪ್ರಶ್ನೆ ಇದ್ದರೆ ವಕೀಲರ ಹತ್ತಿರ ಹೋಗಿ. ನಾನು ಓದಿ ಹೇಳುವುದು ಮನೆತನದ ಚರಿತ್ರೆಗೆ ಮಾತ್ರ.

ಸದ್ಯಕ್ಕೆ ಎರಡು ಕೆಲಸ ಮಾಡಿ. ತಪಶೀಲಿನಿಂದ ಶುರುಮಾಡಿ ಬರಹಗಾರನ ಅಕ್ಷರಗಳ ಪಟ್ಟಿ ಮಾಡಿ. ಎರಡನೇ ಹಾಳೆಯಲ್ಲಿ 'ಕೋಂ' ಇರುವ ಸಾಲಿನ ಫೋಟೊವನ್ನು ಮೇಲಿನ ಎರಡು ಸಾಲು, ಕೆಳಗಿನ ಎರಡು ಸಾಲು ಸೇರಿಸಿ ತೆಗೆದು ಕಳಿಸಿ. ಜೊತೆಗೆ ನಿಮ್ಮ ಮನೆತನದ ಗಂಡಸರ ಹೆಸರುಗಳನ್ನು, ಹಿರಿಯರಿಗೆ ನೆನಪಿರುವಷ್ಟು, ಒಂದು ಹಾಳೆಯಲ್ಲಿ ಬರೆದು ಕಳಿಸಿ. ಆ ಗಂಡನ ಹೆಸರನ್ನು ಅದರ ಜೊತೆ ಹೊಂದಿಸಿ ನೋಡುತ್ತೇನೆ.